ತೊಡೆ ಕರಗಿದಾಗ ಕಿಡ್ನಿಯನ್ನೂ ನೋಡಿಸಿ

ಪ್ರಶ್ನೆ: ಅಪ್ಪನಿಗೆ 64 ವರ್ಷ. 14 ವರ್ಷದಿಂದ ಶುಗರ್ ಇದೆ. ಈ ಒಂದೂವರೆ ವರ್ಷದಲ್ಲಿ ತುಂಬಾ ಇಳಿದುಹೋಗಿದ್ದಾರೆ. ಬೆಲ್ಟಿಗೆ ಮೊಳೆಯಿಂದ ಎರಡು ಹೊಸ ತೂತು ಹೊಡೆದುಕೊಂಡಿದ್ದಾರೆ. ಬಸ್ ಹತ್ತುವಾಗ ಕಂಬಿ ಹಿಡಿದು ಮೈ ಎಳೆದುಕೊಳ್ಳಬೇಕು. ಮೂತ್ರದಲ್ಲಿ ನೊರೆ ಬರುತ್ತದೆ. ಆದರೆ ಕ್ರಿಯಾಟಿನಿನ್ 1.0 ಇದೆ, ಕಿಡ್ನಿಗೆ ಏನೂ ಆಗಿಲ್ಲ ಅಂತ ಲ್ಯಾಬಿನವರು ಹೇಳಿದರು. ಚಿಕ್ಕಪ್ಪ ಪ್ರೋಟೀನ್ ಪೌಡರ್ ಕೊಡಿ ಅಂತಾರೆ, ಅತ್ತೆ ಬೇಳೆಯನ್ನೇ ಬಿಡಿಸಿ ಅಂತಾರೆ. ಯಾರ ಮಾತು ಕೇಳೋದು?
— ಓದುಗರೊಬ್ಬರು, ತಿಪಟೂರು

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಆ 1.0 ನೋಡಿ ಸಮಾಧಾನ ಮಾಡಿಕೊಳ್ಳುವುದೂ ಬೇಡ. ಯಾಕೆ ಅಂತ ಹೇಳ್ತೀನಿ.

ನಮ್ಮ ಮೈಯ ಪ್ರೋಟೀನ್ ಒಂದು ಸಲ ಕಟ್ಟಿ ಮುಗಿಸಿದ ಗೋಡೆಯಲ್ಲ. ದಿನಾ ಒಂದಿಷ್ಟು ಒಡೆಯುತ್ತದೆ, ಅಷ್ಟೇ ಹೊಸದಾಗಿ ಕಟ್ಟುತ್ತದೆ. ಇನ್ಸುಲಿನ್ ಅಂದರೆ ಸಕ್ಕರೆ ಇಳಿಸುವುದು ಅಂತಲೇ ಎಲ್ಲರಿಗೂ ಗೊತ್ತು, ಆದರೆ ಸ್ನಾಯು ಜಾಸ್ತಿ ಒಡೆಯದ ಹಾಗೆ ತಡೆದು ಹಿಡಿಯುವುದೂ ಅದೇ. ಇನ್ಸುಲಿನ್ ಸಾಲದಾದಾಗ, ಅಥವಾ ಇದ್ದರೂ ಸ್ನಾಯು ಅದರ ಮಾತು ಕೇಳದಾದಾಗ, ಆ ಹಿಡಿತ ಸಡಿಲುತ್ತದೆ. ಸ್ನಾಯುವಿನ ಜೀವಕೋಶಗಳು ಪ್ರೋಟೀನಿಗೆ ಯುಬಿಕ್ವಿಟಿನ್ ಅನ್ನೋ ಚೀಟಿ ಅಂಟಿಸಿ, ಪ್ರೋಟಿಯಾಸೋಮ್ ಅನ್ನೋ ಗಿರಣಿಗೆ ಹಾಕುತ್ತಾ ಹೋಗುತ್ತವೆ. ಈ ಚೀಟಿಯ ವ್ಯವಸ್ಥೆ ಕಂಡುಹಿಡಿದವರಿಗೆ 2004ರಲ್ಲಿ ನೊಬೆಲ್ ಬಂತು. ಹಳೇ ಕಾಲದ ಗ್ರೀಕ್ ವೈದ್ಯ ಅರೆಟೀಯಸ್ ಈ ಕಾಯಿಲೆಯಲ್ಲಿ ಮಾಂಸ, ಕೈಕಾಲು ಎಲ್ಲ ಕರಗಿ ಮೂತ್ರವಾಗಿ ಹೋಗುತ್ತದೆ ಅಂತ ಬರೆದಿದ್ದ. 1922ರಲ್ಲಿ ಟೊರಾಂಟೊದಲ್ಲಿ ಮೊದಲು ಇನ್ಸುಲಿನ್ ಚುಚ್ಚಿಸಿಕೊಂಡ ಹುಡುಗನಿಗೆ 14 ವರ್ಷ, ತೂಕ 30 ಕೆಜಿಯೂ ಇರಲಿಲ್ಲ. ನಿಮ್ಮ ತಂದೆಯ ಬೆಲ್ಟಿನ ತೂತು ನನಗೆ ಅದನ್ನೇ ನೆನಪಿಸಿತು.

ಈಗ ಕಿಡ್ನಿಗೆ ಬನ್ನಿ. ಅಲ್ಲಿ ಆಗೋದು ಇದರ ತಿರುವುಮುರುವು.

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸೋಸುವ ಉಂಡೆಗಳಿವೆ. ಕೂದಲಿಗಿಂತ ಸಣ್ಣ ರಕ್ತನಾಳಗಳು ಸುರುಳಿ ಸುತ್ತಿಕೊಂಡ ಉಂಡೆ. ಆ ಸುರುಳಿಗೆ ಆಸರೆಯಾಗಿ ಕೊಲಾಜೆನ್ ಅಂಥ ಪ್ರೋಟೀನುಗಳ ತೆಳು ಹಾಸು ಇರುತ್ತದೆ. ಆ ಹಾಸಿನ ಹಳೆಯದನ್ನು ಕತ್ತರಿಸಿ ತೆಗೆಯುವ ಕಿಣ್ವಗಳೂ ಅಲ್ಲೇ ಇರುತ್ತವೆ. ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಹಾಸು ಕಟ್ಟುವ ಕೆಲಸ ಹೆಚ್ಚುತ್ತದೆ, ಕತ್ತರಿಸುವ ಕೆಲಸ ಕುಂಟುತ್ತದೆ. ಮೇಲಿಂದ ಸಕ್ಕರೆ ಹೋಗಿ ಕೊಲಾಜೆನ್ನಿಗೆ ಅಂಟಿಕೊಂಡು ಎಳೆಗೆ ಎಳೆ ಬೆಸೆದುಬಿಡುತ್ತದೆ, ಆಮೇಲೆ ಕಿಣ್ವದ ಕತ್ತರಿ ಅಲ್ಲಿ ಸರಿಯಾಗಿ ಕೂರುವುದೇ ಇಲ್ಲ. ಶುಗರಿಗೆ ಮಾಡಿಸುವ ಎಚ್‌ಬಿಎ1ಸಿ ರಕ್ತ ಪರೀಕ್ಷೆಯಲ್ಲಿ ಅಳೆಯುವುದೂ ಇಂಥದ್ದೇ ಅಂಟು, ಕೆಂಪು ರಕ್ತಕಣದ ಪ್ರೋಟೀನಿಗೆ ಸಕ್ಕರೆ ಅಂಟಿದ್ದು, ಅಲ್ವಾ? ಆದರೆ ಕೆಂಪು ರಕ್ತಕಣ ಹೆಚ್ಚೂಕಡಿಮೆ 120 ದಿನಕ್ಕೆ ಸತ್ತು ಹೊಸದು ಬರುತ್ತದೆ. ಕೊಲಾಜೆನ್ ಅಷ್ಟು ಬೇಗ ಬದಲಾಗುವುದಿಲ್ಲ. ಹಾಗಾಗಿ ಹಾಸು ದಪ್ಪವಾಗುತ್ತಾ ಹೋಗುತ್ತದೆ, ಕೆಲವರಲ್ಲಿ ಗಂಟು ಕಟ್ಟುತ್ತದೆ. ಆ ಗಂಟುಗಳನ್ನು ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ಅನ್ನೋ ಇಬ್ಬರು 1936ರಲ್ಲೇ ವಿವರಿಸಿದ್ದರು. ಶುರುವಿನಲ್ಲಿ ಕಿಡ್ನಿ ದೊಡ್ಡದಾಗುವುದೂ ಉಂಟು. ಸ್ಕ್ಯಾನಿಂಗ್‌ನಲ್ಲಿ ಸೈಜ್ ಚೆನ್ನಾಗಿದೆ ಅಂದ ಮಾತ್ರಕ್ಕೆ ಖುಷಿಪಡಬೇಡಿ.

ಹಾಸು ಕೆಟ್ಟಾಗ ಜರಡಿಯೂ ಕೆಡುತ್ತದೆ, ರಕ್ತದಲ್ಲಿರುವ ಆಲ್ಬುಮಿನ್ ಅನ್ನೋ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ. ನೀವು ಬರೆದ ನೊರೆ ಅದರದ್ದೇ ಇರಬಹುದು.

ಇನ್ನು ಆ ಕ್ರಿಯಾಟಿನಿನ್. ಅದು ಹುಟ್ಟುವುದೇ ಸ್ನಾಯುವಿನಲ್ಲಿ, ಹೊರಹಾಕುವುದು ಕಿಡ್ನಿ. ಕಿಡ್ನಿ ಸೋತರೆ ರಕ್ತದಲ್ಲಿ ಅದು ಏರಬೇಕು, ಪರೀಕ್ಷೆ ಮಾಡಿಸುವುದೇ ಅದಕ್ಕೆ. ಆದರೆ ಸ್ನಾಯು ಕರಗಿದವರಲ್ಲಿ ಅದು ತಯಾರಾಗುವುದೇ ಕಮ್ಮಿ. ಅಂದಮೇಲೆ ಕಿಡ್ನಿ ಅರ್ಧಂಬರ್ಧ ಕೆಲಸ ಮಾಡುತ್ತಿದ್ದರೂ ರಿಪೋರ್ಟಿನಲ್ಲಿ 1.0 ಬರಬಹುದು. ತೊಡೆಯ ನಷ್ಟ ಕಿಡ್ನಿಯ ನಷ್ಟವನ್ನು ಮುಚ್ಚಿಡುತ್ತದೆ. ನನಗೆ ಇದಕ್ಕಿಂತ ಬೇಜಾರಿನ ವಿಷಯ ಇನ್ನೊಂದಿಲ್ಲ, ಯಾಕಂದರೆ ಎರಡು ವರ್ಷ ಮೊದಲೇ ಬರಬಹುದಾಗಿದ್ದವರು "ನಾರ್ಮಲ್ ಇತ್ತಲ್ಲ ಡಾಕ್ಟ್ರೇ" ಅಂತ ಅದೇ ಚೀಟಿ ಹಿಡಿದುಕೊಂಡು ತಡವಾಗಿ ಬರುತ್ತಾರೆ. ಕಿಡ್ನಿಯ ಕೆಲಸ ಅಳೆಯುವ ಸಿಸ್ಟಾಟಿನ್ ಸಿ ಅನ್ನೋ ಇನ್ನೊಂದು ರಕ್ತ ಪರೀಕ್ಷೆ ಸ್ನಾಯುವನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ. ನಿಮ್ಮ ತಂದೆಯಂಥವರಿಗೆ ಅದು ಬೇಕಾ ಅಂತ ಡಾಕ್ಟರನ್ನು ಕೇಳಿ.

ಊಟದ ಜಗಳಕ್ಕೆ ಬರೋಣ. ಕಿಡ್ನಿ ತೊಂದರೆ ಇದ್ದು ಡಯಾಲಿಸಿಸ್ ಬೇಕಾಗಿಲ್ಲದವರಿಗೆ ಸಾಮಾನ್ಯವಾಗಿ ಕೆಜಿ ತೂಕಕ್ಕೆ ದಿನಕ್ಕೆ 0.8 ಗ್ರಾಂ ಪ್ರೋಟೀನ್ ಹೇಳುತ್ತಾರೆ. 60 ಕೆಜಿ ಇದ್ದರೆ 48 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗೋದು ಸುಮಾರು 6 ಗ್ರಾಂ. ಹಾಗಿರುವಾಗ ಬೇಳೆಯನ್ನೂ ಬಿಡಿಸಿದರೆ ಇರೋ ಸ್ನಾಯುವೂ ಹೋಗುತ್ತದೆ. ಪೌಡರನ್ನು ಮಾತ್ರ ಡಾಕ್ಟರನ್ನು ಕೇಳದೆ ಕೊಡಬೇಡಿ. ಸ್ನಾಯು ಒಡೆಯುವುದನ್ನು ನಿಲ್ಲಿಸದೆ ಮೇಲಿಂದ ಸುಮ್ನೆ ಸುರಿದರೆ ಪ್ರಯೋಜನ ಕಮ್ಮಿ.

ನಿಲ್ಲಿಸೋದು ಹೇಗೆ? ಕೆಲವರಿಗೆ ಇನ್ಸುಲಿನ್ನೇ ಬೇಕಾಗುತ್ತದೆ. ಇನ್ಸುಲಿನ್ ಶುರು ಮಾಡಿದರೆ ಕಿಡ್ನಿ ಹೋಗುತ್ತದೆ ಅಂತ ಊರಲ್ಲಿ ಹೇಳುತ್ತಾರೆ. ದಯವಿಟ್ಟು ನಂಬಬೇಡಿ. ಎಷ್ಟೋ ಜನ ಕಿಡ್ನಿ ಹೋಗುವ ಹೊತ್ತಿಗೆ ಇನ್ಸುಲಿನ್ ಶುರು ಮಾಡುತ್ತಾರೆ, ಕೆಟ್ಟ ಹೆಸರು ಅದಕ್ಕೆ ಬರುತ್ತದೆ. ಬಿಪಿ ಹಿಡಿತದಲ್ಲಿರಬೇಕು. ಆಲ್ಬುಮಿನ್ ಸೋರಿಕೆ ತಗ್ಗಿಸುವ ಬಿಪಿ ಮಾತ್ರೆಗಳೇ ಇವೆ. ಡಾಪಾಗ್ಲಿಫ್ಲೋಜಿನ್ ಅಂಥ ಶುಗರ್ ಮಾತ್ರೆಗಳು ಕಿಡ್ನಿಯನ್ನು ಕಾಪಾಡುತ್ತವೆ ನಿಜ, ಆದರೆ ಮೈಯಲ್ಲಿ ಇನ್ಸುಲಿನ್ ತೀರಾ ಕಮ್ಮಿ ಇರುವ ಸಣಕಲು ಮೈಯವರಿಗೆ ಕೊಡುವ ಮೊದಲು ಡಾಕ್ಟರ್ ಯೋಚನೆ ಮಾಡಬೇಕಾಗುತ್ತದೆ. ಮಂಡಿನೋವಿಗೆ ಅಂತ ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುವ ನೋವಿನ ಮಾತ್ರೆ ಇದ್ದರೆ ಇವತ್ತೇ ಡಾಕ್ಟರಿಗೆ ತಿಳಿಸಿ. ಹಾಂ, ತೂಕ ಇಳಿದದ್ದನ್ನೆಲ್ಲ ಶುಗರಿನ ತಲೆಗೇ ಕಟ್ಟಬೇಡಿ. ಥೈರಾಯ್ಡ್, ಟಿಬಿ, ಬೇರೆ ಕಾಯಿಲೆ ಇದೆಯಾ ಅಂತಲೂ ನೋಡಿಸಬೇಕು.

ಈ ವಾರ ಮಾಡಬೇಕಾದ್ದು: ಬೆಳಗಿನ ಮೊದಲ ಮೂತ್ರ ಹಿಡಿದು ಕೊಡಿ, ಎಸಿಆರ್ ಪರೀಕ್ಷೆ ಅಂದರೆ ಲ್ಯಾಬಿನವರಿಗೆ ಗೊತ್ತಾಗುತ್ತದೆ, ಮೂತ್ರಕ್ಕೆ ಆಲ್ಬುಮಿನ್ ಎಷ್ಟು ಸೋರುತ್ತಿದೆ ಅಂತ ಅಳೆಯುವುದು ಅದು. ಜ್ವರ ಇರುವ ದಿನ ಬೇಡ. ರಿಪೋರ್ಟಿನ ಸಂಖ್ಯೆ (mg/g ಲೆಕ್ಕದಲ್ಲಿ) 30ರ ಒಳಗಿದ್ದರೆ ವರ್ಷಕ್ಕೊಮ್ಮೆ ಸಾಕು. ದಾಟಿದ್ದರೆ ಮುಂದಿನ ತಿಂಗಳುಗಳಲ್ಲಿ ಮತ್ತೆ ಮಾಡಿಸಿ ಖಚಿತ ಮಾಡಿಕೊಳ್ಳಬೇಕು. 300 ದಾಟಿದ್ದರೆ ತಡ ಮಾಡದೆ ಕಿಡ್ನಿ ಡಾಕ್ಟರ ಹತ್ತಿರ ಹೋಗಿ. ಆ ಸಂಖ್ಯೆ ಮತ್ತು ಅಪ್ಪನ ಈಗಿನ ತೂಕ ಬರೆದು ಕಳಿಸಿ. ಊಟದ ಬಗ್ಗೆ ಬಿಡಿಸಿ ಹೇಳುತ್ತೇನೆ.