ಮಾರಾಟದ ಮನೆಗೆ ಫೋಟೊಗ್ರಾಫರ್, ಪ್ರಯಾಣಕ್ಕೆ ಸೂಟ್‌ಕೇಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಯನ್ನು ಮಾರಾಟಕ್ಕೆ ಇಡುತ್ತಿದ್ದೇವೆ. ಫೋನಿನಲ್ಲಿ ನಾವೇ ತೆಗೆದ ಚಿತ್ರಗಳಲ್ಲಿ ಕೋಣೆಗಳು ಕತ್ತಲಾಗಿಯೂ ಇಕ್ಕಟ್ಟಾಗಿಯೂ ಕಾಣುತ್ತಿರುವುದರಿಂದ ವೃತ್ತಿಪರರೊಬ್ಬರನ್ನು ಕರೆಸಬೇಕೆಂದಿದ್ದೇವೆ. ಮದುವೆಯ ಫೋಟೊ ತೆಗೆಯುವ ಪರಿಚಿತರೊಬ್ಬರಿದ್ದಾರೆ. ಅವರೇ ಸಾಕೇ? ಯಾರನ್ನಾದರೂ ಗೊತ್ತುಮಾಡುವ ಮುನ್ನ ಏನೇನು ವಿಚಾರಿಸಬೇಕು?

ಉತ್ತರ: ಮದುವೆಯ ಫೋಟೊ ಚೆನ್ನಾಗಿ ತೆಗೆಯುವವರು ಮನೆಯ ಫೋಟೊವನ್ನೂ ಅಷ್ಟೇ ಚೆನ್ನಾಗಿ ತೆಗೆದಾರೆಂದು ಹೇಳಲಾಗದು. ಮದುವೆಯಲ್ಲಿ ಓಡಾಡುವ ಜನರ ಮುಖಭಾವವನ್ನು ಹಿಡಿಯಬೇಕು. ಮನೆಯಲ್ಲಾದರೆ ಗೋಡೆಯ ಗೆರೆ ನೆಟ್ಟಗಿರಬೇಕು, ಕೋಣೆಯ ಅಳತೆ ನಂಬುವಂತಿರಬೇಕು, ಒಳಗಿನ ಬೆಳಕೂ ಕಿಟಕಿಯಾಚೆಯ ಬೆಳಕೂ ಒಂದೇ ಚಿತ್ರದಲ್ಲಿ ಹೊಂದಿಕೊಳ್ಳಬೇಕು. ನಿಮ್ಮ ಪರಿಚಿತರಿಗೆ ಈ ಕೆಲಸದ ಅಭ್ಯಾಸವೂ ಇದ್ದರೆ ಅವರನ್ನೇ ಕರೆಯಿರಿ, ಆದರೆ ಸ್ನೇಹದ ದಾಕ್ಷಿಣ್ಯಕ್ಕೆ ಬಿದ್ದು ಕರೆಯಬೇಡಿ.

ಫೋಟೊಗ್ರಾಫರ್ ತೋರಿಸುವ ಮಾದರಿಗಳಲ್ಲಿ ಹತ್ತು ಮನೆಗಳ ಹತ್ತು ಅತ್ಯುತ್ತಮ ಚಿತ್ರಗಳಷ್ಟೇ ಇದ್ದರೆ ಅವುಗಳಿಂದ ಹೆಚ್ಚೇನೂ ತಿಳಿಯುವುದಿಲ್ಲ. ಯಾವುದಾದರೂ ಒಂದೇ ಮನೆಯ ಎಲ್ಲ ಚಿತ್ರಗಳನ್ನೂ, ಸ್ನಾನದ ಕೋಣೆ ಮತ್ತು ಅತಿ ಚಿಕ್ಕ ಮಲಗುವ ಕೋಣೆಯ ಚಿತ್ರಗಳ ಸಮೇತ, ತೋರಿಸುವಂತೆ ಕೇಳಿ. ನೋಡುವಾಗ ಮೊದಲು ಬಾಗಿಲ ಚೌಕಟ್ಟುಗಳನ್ನು ಗಮನಿಸಿ: ಅವು ಮೇಲೆ ಹೋದಂತೆ ಒಳಕ್ಕೆ ವಾಲಿದ್ದರೆ ಕ್ಯಾಮೆರಾವನ್ನು ಮಟ್ಟವಾಗಿ ಹಿಡಿದಿಲ್ಲ, ಆಮೇಲೆ ತಿದ್ದಿಯೂ ಇಲ್ಲ ಎಂದರ್ಥ. ನಂತರ ಕಿಟಕಿಗಳನ್ನು ನೋಡಿ. ಕೋಣೆಯ ಒಳಗಿಗಿಂತ ಹೊರಗಿನ ಬೆಳಕು ಎಷ್ಟೋ ಪಾಲು ಹೆಚ್ಚಿರುವುದರಿಂದ ಒಂದೇ ಕ್ಲಿಕ್ಕಿನಲ್ಲಿ ಎರಡೂ ಸರಿಯಾಗಿ ದಾಖಲಾಗುವುದು ಕಷ್ಟ. ಬಲ್ಲವರು ಟ್ರೈಪಾಡ್ ಊರಿ, ಅದೇ ದೃಶ್ಯವನ್ನು ಬೇರೆ ಬೇರೆ ಬೆಳಕಿನ ಪ್ರಮಾಣದಲ್ಲಿ 3 ಅಥವಾ 5 ಬಾರಿ ತೆಗೆದು ಒಂದಾಗಿ ಸೇರಿಸುತ್ತಾರೆ, ಇಲ್ಲವೇ ಫ್ಲ್ಯಾಶ್ ಬಳಸಿ ಒಳಗಿನ ಬೆಳಕನ್ನು ಏರಿಸುತ್ತಾರೆ. ಕಿಟಕಿ ಬರಿಯ ಬಿಳಿ ಕಾಗದದಂತೆ ಕಂಡರೆ ಆ ಶ್ರಮ ನಡೆದಿಲ್ಲ. ಬಿಳಿಯ ಗೋಡೆ ಒಂದು ಕಡೆ ಹಳದಿಯಾಗಿಯೂ ಇನ್ನೊಂದು ಕಡೆ ನೀಲಿಯಾಗಿಯೂ ಕಾಣುತ್ತಿದೆಯೇ ಎಂಬುದನ್ನೂ ಪರಿಶೀಲಿಸಿ.

ಲೆನ್ಸ್ ವಿಚಾರವನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ, ಕ್ಯಾಮೆರಾದಲ್ಲಿ 16ರಿಂದ 24 ಮಿಲಿಮೀಟರಿನ ವೈಡ್ ಆಂಗಲ್ ಲೆನ್ಸ್ ಸಾಮಾನ್ಯವಾಗಿ ಕೋಣೆಗಳಿಗೆ ಸಾಕಾಗುತ್ತದೆ (ಈ ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ). ಅದಕ್ಕಿಂತಲೂ ಅಗಲದ ನೋಟ ಕೊಡುವ ಲೆನ್ಸ್‌ಗಳಲ್ಲಿ ಹತ್ತಿರದ ವಸ್ತುಗಳು ದೊಡ್ಡದಾಗಿ, ಅಂಚಿನಲ್ಲಿರುವ ಕುರ್ಚಿ ಮೇಜುಗಳು ಎಳೆದಂತಾಗಿ, ಪುಟ್ಟ ಕೋಣೆ ಸಭಾಂಗಣದಂತೆ ತೋರುತ್ತದೆ. ಮಾರುವವರಿಗೆ ಇದು ಲಾಭವೆನಿಸಬಹುದು, ಆದರೆ ಚಿತ್ರ ನೋಡಿ ಆಸೆಯಿಂದ ಬಂದ ಕುಟುಂಬ ಬಾಗಿಲಲ್ಲೇ ನಿರಾಸೆಗೊಂಡರೆ, ಆ ಮನೆಯ ನಿಜವಾದ ಗುಣಗಳೂ ಅವರ ಕಣ್ಣಿಗೆ ಬೀಳುವುದಿಲ್ಲ. ಮನೆ ಇದ್ದಷ್ಟೇ ದೊಡ್ಡದಾಗಿ, ಆದರೆ ಇರುವಷ್ಟೂ ಚೆನ್ನಾಗಿ ಕಾಣಲಿ ಎಂದು ಮೊದಲೇ ಹೇಳಿಬಿಡಿ.

ಮಾತುಕತೆಯಲ್ಲಿ ಒಪ್ಪಿದ್ದನ್ನೆಲ್ಲ ಬರಹದಲ್ಲಿಡುವುದು ಇಬ್ಬರಿಗೂ ಕ್ಷೇಮ: ಎಷ್ಟು ಚಿತ್ರಗಳು, ಎಷ್ಟು ದಿನದೊಳಗೆ, ತಿದ್ದುಪಡಿಯ ಕೆಲಸ ಶುಲ್ಕದಲ್ಲಿ ಸೇರಿದೆಯೇ, ಮಳೆ ಬಂದು ಹೊರನೋಟ ಕೆಟ್ಟರೆ ಮತ್ತೆ ಬರುವರೇ. ಅನೇಕ ದೇಶಗಳಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಚಿತ್ರದ ಹಕ್ಕುಸ್ವಾಮ್ಯ ತೆಗೆದವರಲ್ಲೇ ಉಳಿಯುತ್ತದೆ. ಆದ್ದರಿಂದ ಏಜೆಂಟರನ್ನು ಬದಲಿಸಿದರೂ ಅವೇ ಚಿತ್ರಗಳನ್ನು ಎಲ್ಲ ಜಾಹೀರಾತುಗಳಲ್ಲಿ ಬಳಸುವ ಅನುಮತಿ ನಿಮಗಿದೆ ಎಂಬ ಒಂದು ವಾಕ್ಯ ಇರಲೇಬೇಕು. ಡ್ರೋನ್ ಹಾರಿಸುವುದಾದರೆ ಸ್ಥಳೀಯ ನಿಯಮದಂತೆ ಪರವಾನಗಿ ಇದೆಯೇ ಎಂದು ಕೇಳಿ.

ಇನ್ನುಳಿದದ್ದು ನಿಮ್ಮ ಕೈಯಲ್ಲಿದೆ. ಸುಟ್ಟ ಬಲ್ಬುಗಳನ್ನು ಬದಲಿಸಿ, ಒಂದು ಕೋಣೆಯಲ್ಲಿ ಒಂದೇ ಬಣ್ಣದ ಬೆಳಕಿರುವಂತೆ ನೋಡಿಕೊಳ್ಳಿ. ಫ್ಯಾನ್ ಆರಿಸಿ, ಇಲ್ಲವಾದರೆ ರೆಕ್ಕೆಗಳು ಮಸುಕಾಗಿ ಮೂಡುತ್ತವೆ. ಮನೆಯ ಮುಂಭಾಗಕ್ಕೆ ಯಾವ ಹೊತ್ತಿನಲ್ಲಿ ಬಿಸಿಲು ಬೀಳುತ್ತದೆಂದು ಗಮನಿಸಿ, ಆ ಹೊತ್ತಿಗೇ ಬರಹೇಳಿ. ಕುಟುಂಬದ ಭಾವಚಿತ್ರ, ವಿಳಾಸವಿರುವ ಪತ್ರ, ಔಷಧಿ, ಬೀಗದ ಕೈ ಇವೆಲ್ಲ ಚೌಕಟ್ಟಿನಿಂದ ಹೊರಗಿರಬೇಕು, ಏಕೆಂದರೆ ಈ ಚಿತ್ರಗಳನ್ನು ಕೊಳ್ಳುವವರು ಮಾತ್ರವಲ್ಲ, ಯಾರು ಬೇಕಾದರೂ ನೋಡುತ್ತಾರೆ.

ಪ್ರಶ್ನೆ: ಒಂದು ಕೋಣೆ ಪೂರ್ತಿ ಖಾಲಿಯಿದೆ. ಕಂಪ್ಯೂಟರಿನಲ್ಲಿ ಮಂಚ, ಕುರ್ಚಿ ಸೇರಿಸಿಕೊಡುತ್ತೇವೆಂದು ಒಬ್ಬರು ಹೇಳಿದರು. ಇದು ಸರಿಯೇ?

ಉತ್ತರ: ಸೇರಿಸಿರುವುದಾಗಿ ಚಿತ್ರದ ಮೇಲೆಯೇ ಬರೆದು, ಪಕ್ಕದಲ್ಲಿ ಖಾಲಿ ಕೋಣೆಯ ಚಿತ್ರವನ್ನೂ ಕೊಡುವುದಾದರೆ ತಪ್ಪಿಲ್ಲ. ಗೋಡೆಯ ಬಿರುಕನ್ನು ಅಳಿಸುವುದು, ಎದುರಿನ ವಿದ್ಯುತ್ ಕಂಬವನ್ನು ಮಾಯಮಾಡುವುದು ಮಾತ್ರ ಸುಳ್ಳು ಹೇಳಿದಂತೆಯೇ. ಅದಕ್ಕೆ ಒಪ್ಪಬೇಡಿ.

ಪ್ರಶ್ನೆ: ಚಿತ್ರ ತೆಗೆಸಿದ ಮೂರನೆಯ ದಿನವೇ ನಾವಿಬ್ಬರೂ ಎರಡು ವಾರದ ಪ್ರವಾಸಕ್ಕೆ ವಿಮಾನದಲ್ಲಿ ಹೊರಡಬೇಕು. ಹೋಗುವ ಕಡೆ ಬಿಸಿಲೂ ಇದೆ, ಚಳಿಯೂ ಇದೆ. ನಮ್ಮ ಸೂಟ್‌ಕೇಸ್‌ಗಳು ಪ್ರತಿ ಸಲವೂ ಮಿತಿ ಮೀರುತ್ತವೆ. ಹೇಗೆ ಜೋಡಿಸಿಕೊಳ್ಳಬೇಕು?

ಉತ್ತರ: ಫೋಟೊಗ್ರಾಫರ್ ಬರುವ ಹಿಂದಿನ ದಿನವೇ ಜೋಡಿಸಿ ಮುಗಿಸಿ, ಪೆಟ್ಟಿಗೆಗಳನ್ನು ಕಾರಿನಲ್ಲೋ ನೆರೆಯವರಲ್ಲೋ ಇಡಿ. ಇದರಲ್ಲಿ ಎಚ್ಚರ ವಹಿಸಬೇಕಾದದ್ದು ಒಂದಿದೆ. ಚಿತ್ರಕ್ಕೆಂದು ಅವಸರದಲ್ಲಿ ಎತ್ತಿಡುವ ಔಷಧಿ, ಚಾರ್ಜರ್, ಕನ್ನಡಕ, ಪಾಸ್‌ಪೋರ್ಟ್ ಇವೇ ಪ್ರಯಾಣಕ್ಕೆ ಅತ್ಯಗತ್ಯವಾದವು. ಯಾವುದೋ ಡ್ರಾಯರಿಗೆ ತುರುಕಿದರೆ ಹೊರಡುವ ಬೆಳಗ್ಗೆ ಸಿಗುವುದಿಲ್ಲ. ಅವು ನೇರವಾಗಿ ಕೈಚೀಲಕ್ಕೇ ಹೋಗಲಿ. ಪಾಸ್‌ಪೋರ್ಟಿನ ಅವಧಿಯನ್ನು ಇಂದೇ ನೋಡಿಕೊಳ್ಳಿ, ಹಲವು ದೇಶಗಳು ಕನಿಷ್ಠ 6 ತಿಂಗಳ ಅವಧಿ ಬಾಕಿಯಿರಬೇಕೆಂದು ಕೇಳುತ್ತವೆ.

ಬಟ್ಟೆಯನ್ನು ಹದಿನಾಲ್ಕು ದಿನಕ್ಕೆ ಲೆಕ್ಕ ಹಾಕುವುದರಿಂದಲೇ ಭಾರ ಏರುತ್ತದೆ. ಆರು ದಿನಕ್ಕಾಗುವಷ್ಟು ಒಯ್ದು ನಡುವೆ ಒಗೆದುಕೊಳ್ಳಿ. ದಪ್ಪ ಕೋಟೊಂದರ ಬದಲು ತೆಳುವಾದ ಮೂರು ಪದರಗಳನ್ನು ಒಯ್ದರೆ ಬಿಸಿಲಿಗೆ ಒಂದು, ಚಳಿಗೆ ಮೂರೂ ಉಪಯೋಗಕ್ಕೆ ಬರುತ್ತವೆ. ಅತಿ ಭಾರದ ಪಾದರಕ್ಷೆಯನ್ನು ಧರಿಸಿಯೇ ಹೊರಡಿ, ಆದರೆ ಅದು ಹೊಸದಾಗಿರದಿರಲಿ. ಭಾರದ ವಸ್ತುಗಳನ್ನು ಚಕ್ರಗಳ ಬಳಿ ಇಟ್ಟರೆ ಎಳೆಯುವಾಗ ಪೆಟ್ಟಿಗೆ ವಾಲುವುದಿಲ್ಲ. ಇಬ್ಬರ ಬಟ್ಟೆಯನ್ನೂ ಎರಡೂ ಪೆಟ್ಟಿಗೆಗಳಿಗೆ ಹಂಚಿಬಿಡಿ. ಒಂದು ತಡವಾಗಿ ಬಂದರೂ ಯಾರೂ ಉಟ್ಟ ಬಟ್ಟೆಯಲ್ಲೇ ಉಳಿಯಬೇಕಾಗುವುದಿಲ್ಲ.

ವಿಮಾನದೊಳಗೆ ಒಯ್ಯುವ ಚೀಲದಲ್ಲಿ ಪೂರ್ತಿ ಪ್ರವಾಸಕ್ಕೆ ಸಾಕಾಗಿ, ಇನ್ನೂ ಕೆಲವು ದಿನಗಳಿಗೆ ಉಳಿಯುವಷ್ಟು ಔಷಧಿ, ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯ ಸಮೇತ ಇರಲಿ. ಪವರ್ ಬ್ಯಾಂಕನ್ನು ಚೆಕ್ ಇನ್ ಲಗೇಜಿನಲ್ಲಿ ಹಾಕುವಂತಿಲ್ಲ, ಏಕೆಂದರೆ ಲಿಥಿಯಂ ಬ್ಯಾಟರಿ ಬಿಸಿಯಾಗಿ ಹೊತ್ತಿಕೊಂಡರೆ ಜನರಿರುವ ಕಡೆ ಮಾತ್ರ ತಕ್ಷಣ ಗಮನಿಸಿ ಆರಿಸಲು ಸಾಧ್ಯ. ಸಾಮಾನ್ಯ ಮಿತಿ 100 ವಾಟ್ ಅವರ್ (Wh, ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆ). 100ರಿಂದ 160ರವರೆಗಿನವಕ್ಕೆ ವಿಮಾನಯಾನ ಸಂಸ್ಥೆಯ ಅನುಮತಿ ಬೇಕು. ಪವರ್ ಬ್ಯಾಂಕಿನ ಮೇಲೆ ಎಂಎಎಚ್ (mAh, ಮಿಲಿಆಂಪಿಯರ್ ಅವರ್) ಮಾತ್ರ ಬರೆದಿದ್ದರೆ ಅದನ್ನು ಬ್ಯಾಟರಿಯ ಸಾಮಾನ್ಯ ವೋಲ್ಟೇಜ್ ಆದ 3.7ರಿಂದ ಗುಣಿಸಿ 1000ದಿಂದ ಭಾಗಿಸಿ: 20,000 ಎಂಎಎಚ್ ಎಂದರೆ 74 ವಾಟ್ ಅವರ್. ದ್ರವ ಪದಾರ್ಥಗಳ ಸೀಸೆಗಳು ಬಹಳಷ್ಟು ವಿಮಾನ ನಿಲ್ದಾಣಗಳಲ್ಲಿ ತಲಾ 100 ಮಿಲಿಲೀಟರನ್ನು ಮೀರಬಾರದು.

ತಿದ್ದಿದ ಚಿತ್ರಗಳು ನೀವು ಹೊರಡುವ ಮುನ್ನವೇ ಕೈಸೇರುವಂತೆ ಫೋಟೊಗ್ರಾಫರ್ ಜೊತೆ ಮಾತನಾಡಿಕೊಳ್ಳಿ. ಯಾವುದಾದರೂ ಕೋಣೆಯನ್ನು ಮತ್ತೆ ತೆಗೆಯಬೇಕಾಗಿ ಬಂದರೆ ಬಾಗಿಲು ತೆರೆಯಲು, ನಂಬಿಕಸ್ಥರೊಬ್ಬರಲ್ಲಿ ಬೀಗದ ಕೈಯೊಂದನ್ನು ಬಿಟ್ಟುಹೋಗಿ.