ಸೀಮಂತಕ್ಕೆ ಮುನ್ನ ರಜೆಯ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಗಳು ಬಿ.ಇ. ಮುಗಿಸಿ ಎಂ.ಟೆಕ್ ಓದುತ್ತೇನೆ ಎನ್ನುತ್ತಾಳೆ. ಮದುವೆ, ಮಕ್ಕಳು ಎಲ್ಲ ತಡವಾಗುತ್ತೆ ಅಂತ ಮನೆಯ ಹಿರಿಯರಿಗೆ ಆತಂಕ.
– ಓದುಗರು, ದಾವಣಗೆರೆ

ತಡವಾಗುವುದು ನಿಜ, ಅದರಿಂದ ಕೆಡುಕಿಲ್ಲ. ಎಂ.ಟೆಕ್ ಮುಗಿಯುವಾಗ ಅವರಿಗೆ 24 ಆಗಿರುತ್ತದೆ. ಗರ್ಭ ನಿಲ್ಲುವ ಸಾಧ್ಯತೆ ಬೇಗಬೇಗ ಕುಗ್ಗುವುದು 35ರ ನಂತರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶಾಲೆಗೇ ಹೋಗದ ಹೆಂಗಸರಿಗೆ ಸರಾಸರಿ 2.8 ಮಕ್ಕಳು, 12 ವರ್ಷ ಅಥವಾ ಅದಕ್ಕೂ ಹೆಚ್ಚು ಓದಿದವರಿಗೆ 1.8. ಓದಿದ ಹೆಣ್ಣಿಗೆ ನಿಜವಾದ ಇಕ್ಕಟ್ಟು ಬೇರೆಯೇ: ಕೆಲಸದಲ್ಲಿ ಮೇಲೇರುವ ವಯಸ್ಸಿಗೇ ಬಸಿರು, ಬಾಣಂತನವೂ ಬರುತ್ತವೆ. ಮುಂದಿನ ಪ್ರಶ್ನೆ ಅದೇ.

ಸೊಸೆಗೆ ಈಗ ಐದು ತಿಂಗಳು. ಖಾಸಗಿ ಕಂಪನಿಯಲ್ಲಿ ನಾಲ್ಕು ವರ್ಷದಿಂದ ಕೆಲಸ. ಏಳನೇ ತಿಂಗಳಲ್ಲಿ ಸೀಮಂತ ಮಾಡಿ ತವರಿಗೆ ಕಳಿಸುವುದು ನಮ್ಮ ಪದ್ಧತಿ. ರಾಜೀನಾಮೆ ಕೊಟ್ಟು ಹೋಗು ಎನ್ನೋಣವೇ?
– ಓದುಗರು, ಹಾಸನ

ದಯವಿಟ್ಟು ಹಾಗೆನ್ನಬೇಡಿ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ, ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಹಕ್ಕಾಗಿಯೇ ಸಿಗುತ್ತದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರ ತಿದ್ದುಪಡಿ ತಂದ ಈ ಅವಧಿ, ಆ ಕಾಯ್ದೆಯ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ರಾಜೀನಾಮೆ ಕೊಟ್ಟರೆ ಅಷ್ಟೂ ಸಂಬಳ ಕೈತಪ್ಪುತ್ತದೆ.

ಎಡವಟ್ಟಾಗುವುದು ರಜೆ ಶುರುಮಾಡುವ ದಿನದಲ್ಲಿ. ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ ತೆಗೆದುಕೊಳ್ಳಬಹುದು. ಏಳನೇ ತಿಂಗಳ ಶುರುವಿಗೆ ಹೊರಟರೆ ಮೊದಲ ಕೆಲವು ವಾರ ಈ ರಜೆಯೊಳಗೆ ಬರುವುದೇ ಇಲ್ಲ. ಎಂಟೂ ವಾರ ಮುಂಚೆಯೇ ಕಳೆದರೆ ಆಮೇಲೆ ಉಳಿಯುವುದು 18 ವಾರ, ಅಂದರೆ ಕೂಸಿಗೆ ನಾಲ್ಕು ತಿಂಗಳು ತುಂಬಿದ ಕೂಡಲೇ ಆಫೀಸು. ಆರು ತಿಂಗಳವರೆಗೆ ತಾಯಿಹಾಲು ಮಾತ್ರ ಕುಡಿಯಬೇಕಾದ ಕೂಸು ಅದು. ಕೆಲವು ತಾಯಂದಿರು ಕೆಲಸ ಬಿಡುವುದೂ ಈ ಹಂತದಲ್ಲೇ. ಸೀಮಂತವನ್ನು ಭಾನುವಾರ ಇಟ್ಟುಕೊಳ್ಳಿ, ಮಡಿಲು ತುಂಬಿಸಿ, ಸೊಸೆ ಕೆಲಸಕ್ಕೆ ಮರಳಲಿ. ವೈದ್ಯರು ಒಪ್ಪಿದರೆ 37 ವಾರ ತುಂಬಿದ ಮೇಲೆ ರಜೆ ಹಾಕಿದರೆ ಹೆರಿಗೆಯ ನಂತರ ಸುಮಾರು 23 ವಾರ ಸಿಗುತ್ತದೆ. ಕೂಸಿಗೆ ಆರು ತಿಂಗಳು ತುಂಬಲು ಉಳಿದ ಮೂರು ವಾರಕ್ಕೆ ಗಳಿಕೆ ರಜೆಯನ್ನು ಈಗಿಂದಲೇ ಕೂಡಿಡಲಿ. ಆ ಹೊತ್ತಿಗೆ ತವರು ದೂರದ ಪ್ರಯಾಣವೆನಿಸಿದರೆ ಬೀಗಿತ್ತಿಯವರನ್ನೇ ಕರೆಸಿಕೊಳ್ಳಿ. ಬಾಣಂತನ ನಿಮ್ಮ ಮನೆಯಲ್ಲೂ ಆಗುತ್ತದೆ.

ರಜೆಯ ಅರ್ಜಿಯನ್ನು ಬರಹದಲ್ಲೇ ಕೊಡಲಿ, ವೈದ್ಯರ ಪತ್ರ ಲಗತ್ತಿಸಲಿ. ಬಸಿರಿನಿಂದಲೋ ಹೆರಿಗೆಯಿಂದಲೋ ಕಾಯಿಲೆಯಾದರೆ ಪ್ರಮಾಣಪತ್ರದ ಮೇಲೆ ಇನ್ನೂ ಒಂದು ತಿಂಗಳು ಸಿಗುತ್ತದೆ. ಕೆಲಸಕ್ಕೆ ಮರಳುವ ಎರಡು ವಾರ ಮೊದಲೇ ಹಿಂಡಿದ ಹಾಲನ್ನು ಒಳಲೆಯಲ್ಲೋ ಲೋಟದಲ್ಲೋ ಕುಡಿಸಿ ರೂಢಿಮಾಡಿ, ಅದನ್ನು ತಾಯಿಯಲ್ಲದೆ ಬೇರೆಯವರು ಕುಡಿಸಬೇಕು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವೂ ಆಕೆಯ ಹಕ್ಕು.

ಮಗುವಿಗಾಗಿ ಕೆಲಸ ಬಿಟ್ಟಾಗಿದೆ. ಪಿ.ಎಫ್. ತೆಗೆಯಲೇ?
– ಓದುಗರು, ಧಾರವಾಡ

ತುರ್ತಿಲ್ಲದಿದ್ದರೆ ಬೇಡ. ಪಿ.ಎಫ್. ಜೊತೆಗೇ ಇರುವ ಪಿಂಚಣಿಗೆ ಒಟ್ಟು 10 ವರ್ಷದ ಸೇವೆ ಬೇಕು. ಪಿಂಚಣಿ ಭಾಗದ ಹಣವನ್ನು ಹಿಂಪಡೆದರೆ ಈವರೆಗಿನ ಸೇವೆ ಅಳಿಸಿಹೋಗುತ್ತದೆ. ಬದಲಿಗೆ ಫಾರ್ಮ್ 10 ಸಿ ಯಲ್ಲಿ ಸ್ಕೀಮ್ ಸರ್ಟಿಫಿಕೇಟ್ (ಈವರೆಗಿನ ಸೇವೆಯನ್ನು ದಾಖಲಿಸುವ ಪತ್ರ) ಕೇಳಿ, ಮುಂದೆ ಕೆಲಸಕ್ಕೆ ಸೇರಿದಾಗ ಹಳೆಯ ವರ್ಷಗಳು ಅಲ್ಲಿಗೆ ಸೇರುತ್ತವೆ.