ರೋಟರ್ ಬಂತು, ಹುಲ್ಲು ಪುಡಿಯಾಯ್ತು

ಪುಣೆ ಪಕ್ಕದ ಪಿಂಪ್ರಿಯ ಓದುಗರೇ, ಮೋಶಿಯ ಕಿಸಾನ್ ಮೇಳದಲ್ಲಿ ಬೆಳೆ ಕೊಯ್ದು ಕಾಳು ಬಿಡಿಸುವ ಕಟಾವು ಮಷಿನ್ (ಕಂಬೈನ್) ನೋಡಿ ಬಂದು ಎರಡು ಪ್ರಶ್ನೆ ಕೇಳಿದ್ದೀರಿ. ಕಾಳು ಬಿಡಿಸಲು ಅಡ್ಡ ಡ್ರಮ್ಮಿನ ಬದಲು ಉದ್ದಕ್ಕೆ ಮಲಗಿಸಿದ ರೋಟರ್ (ತಿರುಗುವ ಉರುಳೆ) ಯಾಕೆ ಬಂತು? ಸಿಂಧನೂರಿನ ನಿಮ್ಮಣ್ಣ "ಹುಲ್ಲೆಲ್ಲಾ ಪುಡಿ ಮಾಡ್ತದೆ" ಅಂತ ಬೈಯೋದು ಸರಿಯಾ?

ಅಣ್ಣ ಹೇಳೋದು ಸರಿ. ಈ ಮಷಿನ್ ಕಥೆಯಲ್ಲಿ ಅರ್ಧ ಹುಲ್ಲಿನದೇ.

ಹಳೆ ಮಷಿನ್‌ನಲ್ಲಿ ತೆನೆ ಡ್ರಮ್ಮಿಗೂ ಅದರ ಕೆಳಗಿನ ಬಾಗಿದ ಕಬ್ಬಿಣದ ಜಾಲರಿಗೂ ನಡುವೆ ಒಂದೇ ಸಲ ಹಾದುಹೋಗುತ್ತದೆ, ಹಾಗಾಗಿ ಏಟು ಜೋರಾಗಿಯೇ ಬೀಳಬೇಕು. ಆಮೇಲೆ ಉದ್ದನೆಯ ಹಲಗೆಗಳು ಹುಲ್ಲನ್ನು ಮೊರದಲ್ಲಿ ಕೇರಿದ ಹಾಗೆ ಕುಲುಕಿ, ಸಿಕ್ಕಿಕೊಂಡ ಕಾಳು ಉದುರಿಸುತ್ತವೆ. ಹುಲ್ಲು ದಪ್ಪ ಬಂದರೆ ಕಾಳು ಉದುರುವುದೇ ಇಲ್ಲ, ಹುಲ್ಲಿನ ಜೊತೆ ಹಿಂದಿನಿಂದ ಹೊಲಕ್ಕೆ ಬೀಳುತ್ತದೆ. ಬೇಗ ಓಡಿಸಿದಷ್ಟೂ ನಷ್ಟ ಜಾಸ್ತಿ.

1950ರ ದಶಕದಲ್ಲಿ ಅಮೆರಿಕದವರು ಮೆಕ್ಕೆಜೋಳವನ್ನೂ ಕಂಬೈನಿಗೆ ಹಾಕತೊಡಗಿದರು. ಡ್ರಮ್ಮಿನ ಏಟಿಗೆ ಕಾಳು ಒಡೆದು ನುಚ್ಚಾಗುತ್ತಿತ್ತು. ರೋಟರಿನಲ್ಲಿ ಅಷ್ಟು ಜೋರಾದ ಏಟಿಲ್ಲ. ಬೆಳೆ ಅದರ ಸುತ್ತ ಸುರುಳಿಯಾಗಿ ಹಿಂದಕ್ಕೆ ಸಾಗುತ್ತಾ ಜಾಲರಿ ಮೇಲೆ ಹಲವು ಸುತ್ತು ಉಜ್ಜಿಕೊಳ್ಳುತ್ತದೆ, ತಿರುಗುವ ರಭಸಕ್ಕೆ ಕಾಳು ಹೊರಗೆ ಸಿಡಿಯುತ್ತದೆ. ಕುಲುಕುವ ಹಲಗೆಯೇ ಬೇಡ. ಆದರೆ ಎಂಜಿನ್ ಶಕ್ತಿ ಜಾಸ್ತಿ ಬೇಕು, ಅಷ್ಟು ಸುತ್ತು ಉಜ್ಜಿದ ಮೇಲೆ ಹುಲ್ಲು ಇಡಿಯಾಗಿ ಉಳಿಯೋದು ಕಷ್ಟ ಅಲ್ವಾ?

1975ರಲ್ಲಿ ನ್ಯೂ ಹಾಲೆಂಡ್ ಕಂಪನಿ ಎರಡು ರೋಟರಿನ ಟಿಆರ್70 ತಂದಿತು. 1977ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಒಂದೇ ದಪ್ಪ ರೋಟರಿನ ಆಕ್ಸಿಯಲ್ ಫ್ಲೋ ಮಾರುಕಟ್ಟೆಗೆ ಬಿಟ್ಟಿತು. ಎರಡು ವರ್ಷದ ನಂತರ ಗ್ಲೀನರ್‌ನವರು ರೋಟರನ್ನೇ ಅಡ್ಡಕ್ಕೆ ಮಲಗಿಸಿದರು, ಅದೂ ನಡೆಯಿತು! ಜಾನ್ ಡೀರ್ ಮಾತ್ರ ತನ್ನ ರೋಟರ್ ಮಷಿನ್ ಎಸ್‌ಟಿಎಸ್ ತರಲು 1999ರವರೆಗೆ ಕಾದಿತು. ಯುರೋಪಿನಲ್ಲಿ ಹುಲ್ಲು ಹಸಿ, ದನಗಳ ಕೆಳಗೆ ಹಾಸಲು ಅದು ಉದ್ದವಾಗಿಯೇ ಬೇಕು. ಅದಕ್ಕೇ ಅಲ್ಲಿ ಹಲಗೆಗಳು ಬಹಳ ಕಾಲ ಉಳಿದವು. ಕ್ಲಾಸ್ ಕಂಪನಿಯ ಲೆಕ್ಸಿಯಾನ್ 1995ರಲ್ಲಿ ಮುಂದೆ ಡ್ರಮ್, ಹಿಂದೆ ರೋಟರ್ ಇಟ್ಟು ರಾಜಿ ಮಾಡಿಕೊಂಡಿತು. ನನಗೆ ಇದೇ ಜಾಣ ದಾರಿ ಅನಿಸುತ್ತದೆ.

ಭತ್ತದ ವಿಷಯ ಬೇರೆ. 1970ರ ದಶಕದಲ್ಲೇ ಫಿಲಿಪೈನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದೇ ಸುರುಳಿ ದಾರಿಯ ಸಣ್ಣ ಒಕ್ಕಣೆ ಯಂತ್ರ ಮಾಡಿತ್ತು. ನಿಮ್ಮೂರ ಕೆಸರು ಗದ್ದೆಗೆ ಇಳಿಯುವ ಚೈನಿನ ಮಷಿನ್‌ಗಳಲ್ಲೂ ಸಾಮಾನ್ಯವಾಗಿ ಈ ಪದ್ಧತಿಯೇ.

ಅಣ್ಣನಿಗೆ ಹೇಳಿ: ಗದ್ದೆ ಒಣಗಿದ್ದರೆ ಪಂಜಾಬಿನ ಟೈರಿನ ಮಷಿನ್ ಕರೆಸಲಿ, ಅವುಗಳಲ್ಲಿ ಬಹುಪಾಲು ಹಳೆ ಡ್ರಮ್ಮು, ಹಲಗೆಗಳೇ. ಚೈನಿನದೇ ಬೇಕಾದರೆ ರೋಟರ್ ವೇಗ ಸ್ವಲ್ಪ ತಗ್ಗಿಸಲು ಡ್ರೈವರ್‌ಗೆ ಹೇಳಲಿ, ಆಮೇಲೆ ಹಿಂದೆ ಬಿದ್ದ ಹುಲ್ಲನ್ನು ಒಂದು ಹಿಡಿ ಎತ್ತಿ ತೆನೆಯಲ್ಲಿ ಕಾಳು ಉಳಿದಿದೆಯಾ ನೋಡಲಿ.